ಕನ್ನಡಕದ ನಂಬರ್ ಬೇರೆ, ಅಕ್ಷಿಪಟದ ತಪಾಸಣೆ ಬೇರೆ: ಓದುಗರ ಪ್ರಶ್ನೆಗಳಿಗೆ ನೇತ್ರವೈದ್ಯರ ಉತ್ತರ

ಈ ತಿಂಗಳು ಬಂದ ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬರೆದವರಲ್ಲಿ ಹಲವರಿಗೆ ಕಣ್ಣಿನ ತೊಂದರೆಯೇ ಇಲ್ಲ. ಅವರಿಗಿರುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುನೋವು. ಆ ಕಾಯಿಲೆಗೆ ಔಷಧ ಕೊಡುತ್ತಿರುವ ವೈದ್ಯರು ‘ಒಮ್ಮೆ ಕಣ್ಣಿನ ನರ ತೋರಿಸಿಕೊಂಡು ಬನ್ನಿ’ ಎಂದು ಚೀಟಿ ಬರೆದಿದ್ದಾರೆ. ಚೆನ್ನಾಗಿ ಕಾಣುವ ಕಣ್ಣನ್ನು ಏಕೆ ತೋರಿಸಬೇಕು ಎಂಬುದು ಪತ್ರ ಬರೆದವರ ಗೊಂದಲ. ನಮ್ಮ ಕಡೆಯ ಜನ ‘ಕಣ್ಣಿನ ನರ’ ಎನ್ನುವುದು ಬಹುಮಟ್ಟಿಗೆ ಅಕ್ಷಿಪಟವನ್ನು, ಅಂದರೆ ರೆಟಿನಾವನ್ನು. ಕಣ್ಣುಗುಡ್ಡೆಯ ಹಿಂಬದಿಯ ಒಳಗೋಡೆಗೆ ತೆಳುವಾಗಿ ಅಂಟಿಕೊಂಡಿರುವ ಈ ಪದರದ ಮೇಲೆ ಬಿದ್ದ ಬೆಳಕೇ ಸಂಕೇತವಾಗಿ ಬದಲಾಗಿ, ನರದ ಮೂಲಕ ಮಿದುಳಿಗೆ ಹೋಗಿ ನೋಟವಾಗುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ, ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ತಿಂಗಳಷ್ಟೇ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡಿಸಿ ಹೊಸ ಕನ್ನಡಕ ಹಾಕಿಸಿಕೊಂಡೆ. ಬೋರ್ಡಿನ ಕೊನೆಯ ಸಾಲಿನ ಅಕ್ಷರವೂ ಕಾಣುತ್ತದೆ. ಆದರೂ ನಮ್ಮ ಡಾಕ್ಟರು ರೆಟಿನಾ ಪರೀಕ್ಷೆ ಆಗಲೇಬೇಕು ಎನ್ನುತ್ತಾರೆ. ಎರಡೆರಡು ಸಲ ಕಣ್ಣು ತೋರಿಸುವ ಅಗತ್ಯವಿದೆಯೇ?
— ಕಾಫಿ ಬೆಳೆಗಾರರು, ಆಲ್ದೂರು

ಉತ್ತರ: ಎರಡು ಸಲ ತೋರಿಸಿದಂತೆ ಆಗುವುದಿಲ್ಲ, ಏಕೆಂದರೆ ಮೊದಲ ಸಲ ಯಾರೂ ನಿಮ್ಮ ಅಕ್ಷಿಪಟವನ್ನು ನೋಡಿಯೇ ಇಲ್ಲ. ಅಂಗಡಿಯವರದು ತಪ್ಪೇನೂ ಅಲ್ಲ. ಗಲ್ಲವನ್ನು ಆಸರೆಯ ಮೇಲಿಟ್ಟು, ಒಳಗೆ ಕಾಣುವ ಬಣ್ಣದ ಬಲೂನನ್ನೋ ಪುಟ್ಟ ಮನೆಯನ್ನೋ ದಿಟ್ಟಿಸುತ್ತ ಕೂರುತ್ತೀರಲ್ಲ, ಆ ಯಂತ್ರವು ಕಣ್ಣಿನೊಳಗೆ ಹೊಕ್ಕ ಬೆಳಕು ಎಲ್ಲಿ ಕೂಡಿಕೊಳ್ಳುತ್ತದೆ ಎಂಬುದನ್ನಷ್ಟೇ ಅಳೆದು ನಂಬರ್ ಕೊಡುತ್ತದೆ. ಬೆಳಕು ಹೋಗಿ ಬೀಳುವ ಪದರ ಹೇಗಿದೆ ಎಂಬುದು ಅದಕ್ಕೆ ತಿಳಿಯದು.

ನೀವು ಕಾಫಿ ಬೆಳೆಗಾರರಾದ್ದರಿಂದ ಬೇಗ ಅರ್ಥವಾಗುವ ಹೋಲಿಕೆಯೊಂದಿದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದಾಗ ಎಲೆ ಮೊದಲಿಗೆ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗಿ ಜೋತುಬೀಳುವ ಹೊತ್ತಿಗೆ ಹುಳು ಕಾಂಡದೊಳಗೆ ಸಾಕಷ್ಟು ದೂರ ಸಾಗಿರುತ್ತದೆ. ಆದ್ದರಿಂದಲೇ ನೀವು ಎಲೆಯನ್ನು ನಂಬದೆ, ಕಾಂಡದ ಮೇಲೆ ಉಬ್ಬುಗೆರೆ ಇದೆಯೇ ಎಂದು ಗಿಡಗಿಡವನ್ನೂ ನೋಡಿ ಟ್ರೇಸಿಂಗ್ ಮಾಡಿಸುತ್ತೀರಿ. ಸಕ್ಕರೆ ಕಾಯಿಲೆ ಇರುವವರ ಅಕ್ಷಿಪಟದ ಕತೆಯೂ ಹೀಗೆಯೇ. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಾಗಿ ಉಳಿದ ಸಕ್ಕರೆಯಿಂದ ಅಲ್ಲಿನ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆ ದುರ್ಬಲವಾಗುತ್ತದೆ. ಅಲ್ಲಲ್ಲಿ ಪುಟ್ಟ ಉಬ್ಬುಗಳು ಏಳುತ್ತವೆ, ಚುಕ್ಕಿ ಚುಕ್ಕಿಯಾಗಿ ರಕ್ತ ಸೋರುತ್ತದೆ, ಸೋರಿದ ಕೊಬ್ಬು ಹಳದಿ ಕಲೆಗಳಾಗಿ ನಿಲ್ಲುತ್ತದೆ. ಅಕ್ಷರ ಓದಲು, ಮುಖ ಗುರುತಿಸಲು ನಾವು ಬಳಸುವುದು ಅಕ್ಷಿಪಟದ ನಡುವಿನ ಸುಮಾರು 1.5 ಮಿಲಿಮೀಟರ್ ಅಗಲದ ಒಂದು ಗುಳಿಯನ್ನು ಮಾತ್ರ. ಸೋರಿಕೆ ಆ ಗುಳಿಯನ್ನು ಮುಟ್ಟುವವರೆಗೆ ಕೊನೆಯ ಸಾಲೂ ಕಾಣುತ್ತದೆ, ನೋವೂ ಇರುವುದಿಲ್ಲ, ಕಣ್ಣು ಕೆಂಪೂ ಆಗುವುದಿಲ್ಲ.

ಕಾಯಿಲೆ ಮುಂದುವರಿದಂತೆ ಸಣ್ಣ ನಾಳಗಳು ಒಂದೊಂದಾಗಿ ಮುಚ್ಚಿಹೋಗಿ ಅಕ್ಷಿಪಟದ ಕೆಲವು ಭಾಗಗಳಿಗೆ ರಕ್ತ ಸಾಲದಾಗುತ್ತದೆ. ಆ ಕೊರತೆಗೆ ಪ್ರತಿಯಾಗಿ ಹೊಸ ನಾಳಗಳು ಹುಟ್ಟುತ್ತವೆ. ಕೇಳಲು ಒಳ್ಳೆಯ ಸುದ್ದಿಯಂತಿದ್ದರೂ ಕೇಡು ಇರುವುದು ಇಲ್ಲಿಯೇ, ಏಕೆಂದರೆ ಈ ಹೊಸ ನಾಳಗಳಿಗೆ ಗಟ್ಟಿತನವಿಲ್ಲ. ಯಾವ ಗಳಿಗೆಯಲ್ಲಾದರೂ ಒಡೆದು ಕಣ್ಣಿನೊಳಗೆ ರಕ್ತ ತುಂಬಬಹುದು, ಅಥವಾ ಅವುಗಳ ಸುತ್ತ ಬೆಳೆದ ನಾರಿನಂಥ ಅಂಗಾಂಶ ಅಕ್ಷಿಪಟವನ್ನೇ ಎಳೆದು ಕೀಳಬಹುದು.

ಕೆಲವು ವರ್ಷಗಳ ಹಿಂದೆ ಬಾಳೆಹೊನ್ನೂರು ಕಡೆಯ ತೋಟವೊಂದರ ರೈಟರ್ ನನ್ನ ಬಳಿ ಬಂದಿದ್ದರು. ಕೊಯ್ಲಿನ ಸಂಜೆ, ಆಳುಗಳು ತಂದ ಹಣ್ಣನ್ನು ತೂಕ ಹಾಕಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಗ, ಹಾಳೆಯ ಮೇಲೆ ಮಸಿ ಇಳಿದಂತೆ ಕಪ್ಪು ಎಳೆಗಳು ಕಂಡವಂತೆ. ಅಂಗೈಯಿಂದ ಒರೆಸಿದರೂ ಹೋಗಲಿಲ್ಲ; ಕಣ್ಣು ಹೊರಳಿಸಿದ ಕಡೆಗೆಲ್ಲ ಎಳೆಗಳೂ ಹೊರಳಿದವು. ಮರುದಿನ ಬೆಳಗಾಗುವಷ್ಟರಲ್ಲಿ ಬಲಗಣ್ಣಿಗೆ ಕೈಬೆರಳೂ ಕಾಣುತ್ತಿರಲಿಲ್ಲ. ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ, ಅಷ್ಟರಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದರು, ಒಂದು ಸಲವೂ ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿಕೊಂಡು ಒಳಗೆ ನೋಡಿಸಿರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅವರ ಎಡಗಣ್ಣು. ಅದರಿಂದ ಅವರು ಬೋರ್ಡಿನ ಕೊನೆಯ ಸಾಲನ್ನು ಸರಾಗವಾಗಿ ಓದಿದರು. ಒಳಗೆ ನೋಡಿದರೆ ಅಲ್ಲಿಯೂ ಹೊಸ ನಾಳಗಳು ಹಬ್ಬಿದ್ದವು. ಎಡಗಣ್ಣು ಲೇಸರ್‌ನಿಂದ ಉಳಿಯಿತು. ಬಲಗಣ್ಣಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಡೆದಾಡುವಷ್ಟು ನೋಟ ಮರಳಿತೇ ಹೊರತು ತೂಕದ ಪುಸ್ತಕ ಓದುವಷ್ಟು ಬರಲಿಲ್ಲ.

ಸಮಯಕ್ಕೆ ಸರಿಯಾಗಿ ಸಿಕ್ಕಿಬಿದ್ದರೆ ಈ ಕಾಯಿಲೆಗೆ ಚಿಕಿತ್ಸೆ ಇಲ್ಲವೆಂದಲ್ಲ. ಹೊಸ ನಾಳಗಳು ಹಬ್ಬಿದ ಕಣ್ಣಿಗೆ ಲೇಸರ್ ಕೊಟ್ಟರೆ ತೀವ್ರ ದೃಷ್ಟಿನಾಶದ ಸಂಭವ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂಬುದು ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನದಿಂದಲೇ ಖಚಿತವಾಗಿದೆ. ನಡುಭಾಗದಲ್ಲಿ ನೀರು ತುಂಬಿ ಬಾತುಕೊಂಡಿದ್ದರೆ ಈಗ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗಳಿವೆ. ಹೆಸರು ಕೇಳಿ ಹೆದರುವವರೇ ಹೆಚ್ಚು, ಆದರೆ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಕೊಡುವುದರಿಂದ ಹೆಚ್ಚಿನವರಿಗೆ ಸ್ವಲ್ಪ ಒತ್ತಿದಂತೆ ಅನಿಸುತ್ತದೆ, ಅಷ್ಟೆ. ಈ ಚಿಕಿತ್ಸೆಗಳೆಲ್ಲ ಇರುವ ನೋಟವನ್ನು ಉಳಿಸಿಕೊಡುವುದರಲ್ಲಿ ಗಟ್ಟಿ, ಹೋದ ನೋಟವನ್ನು ತಂದುಕೊಡುವುದರಲ್ಲಿ ಅಷ್ಟಕ್ಕಷ್ಟೆ. ನಿಮ್ಮ ವೈದ್ಯರು ಒತ್ತಾಯಿಸುತ್ತಿರುವುದು ಇದೇ ಕಾರಣಕ್ಕೆ.

ಎಷ್ಟು ದಿನಕ್ಕೊಮ್ಮೆ ಎಂದು ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ನಡುವಯಸ್ಸಿನಲ್ಲಿ ಬರುವ ಎರಡನೇ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾಗುವ ಮೊದಲೇ ಕೆಲವು ವರ್ಷ ಸದ್ದಿಲ್ಲದೆ ಇದ್ದಿರುವ ಸಾಧ್ಯತೆ ಇರುವುದರಿಂದ, ಪತ್ತೆಯಾದ ಕೂಡಲೇ ಮೊದಲ ತಪಾಸಣೆ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ. ಚಿಕ್ಕ ವಯಸ್ಸಿನಲ್ಲಿ ಬಂದು ಇನ್ಸುಲಿನ್ ಬೇಕೇಬೇಕಾಗುವ ಮೊದಲನೇ ಬಗೆಯಲ್ಲಿ, ಕಾಯಿಲೆ ಶುರುವಾದ ಐದು ವರ್ಷದೊಳಗೆ ಮೊದಲ ತಪಾಸಣೆ, ನಂತರ ಅದೇ ಕ್ರಮ. ಅಕ್ಷಿಪಟದಲ್ಲಿ ಬದಲಾವಣೆ ಕಂಡುಬಂದರೆ ಆರು ತಿಂಗಳಿಗೆ, ಹೆಚ್ಚಾಗಿದ್ದರೆ ಮೂರು ತಿಂಗಳಿಗೇ ಕರೆಯುತ್ತೇವೆ. ಸಕ್ಕರೆಯ ಜೊತೆ ರಕ್ತದೊತ್ತಡವನ್ನೂ ಹಿಡಿತದಲ್ಲಿಡಿ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಎರಡನೇ ಬಗೆಯ ಸಕ್ಕರೆ ಕಾಯಿಲೆಯವರಲ್ಲಿ ರಕ್ತದೊತ್ತಡವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟದ್ದರಿಂದಲೇ ಅಕ್ಷಿಪಟದ ಕಾಯಿಲೆ ಮುಂದುವರಿಯುವ ಸಂಭವ ಶೇ 34ರಷ್ಟು ಕಡಿಮೆಯಾಯಿತು. ಬೆಳಗಿನ ಸಕ್ಕರೆ 110 ಬಂದಿದೆ ಎಂದು ಚೀಟಿ ತೋರಿಸಿ ತಪಾಸಣೆಯಿಂದ ತಪ್ಪಿಸಿಕೊಳ್ಳುವವರು ನನ್ನಲ್ಲಿಗೂ ಬರುತ್ತಾರೆ. ಆ ಚೀಟಿ ಆ ಬೆಳಗಿನದು, ಅಕ್ಷಿಪಟ ಒಂಬತ್ತು ವರ್ಷದ ಲೆಕ್ಕ ಇಟ್ಟಿರುತ್ತದೆ.

ಪ್ರಶ್ನೆ: ಪರೀಕ್ಷೆಗೆ ಡ್ರಾಪ್ಸ್ ಹಾಕಿದರೆ ಅರ್ಧ ದಿನ ಕಣ್ಣು ಮಂಜಾಗುತ್ತದೆ ಎಂದು ಕೇಳಿದ್ದೇನೆ. ನಾನು ಚಿಕ್ಕಮಗಳೂರಿಗೆ ಬೈಕಿನಲ್ಲಿ ಬಂದು ಹೋಗುವವನು. ಡ್ರಾಪ್ಸ್ ಹಾಕದೆ ಫೋಟೊ ತೆಗೆಯುವ ಯಂತ್ರ ಇದೆಯಂತೆ, ಅದು ಸಾಲದೇ?
— ಮೂಡಿಗೆರೆ

ಉತ್ತರ: ಆ ದಿನ ಬೈಕನ್ನು ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ, ಸಾಧ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಂಡು ಬನ್ನಿ. ಡ್ರಾಪ್ಸ್ ಹಾಕಿದ 20–30 ನಿಮಿಷದಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ. ಮತ್ತೆ ಮೊದಲಿನಂತಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಅಷ್ಟು ಹೊತ್ತು ಬಿಸಿಲು ಚುಚ್ಚುತ್ತದೆ, ಎದುರು ಬರುವ ವಾಹನದ ಬೆಳಕು ಹರಡಿದಂತೆ ಕಾಣುತ್ತದೆ, ಮೊಬೈಲಿನ ಅಕ್ಷರ ಕೂಡಿಬರುವುದಿಲ್ಲ. ತಂಪು ಕನ್ನಡಕವೋ ಅಂಚಿರುವ ಟೋಪಿಯೋ ಇದ್ದರೆ ಹಿತ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ಕೆಲಸವನ್ನು ಅದೇ ದಿನ ಇಟ್ಟುಕೊಳ್ಳಬೇಡಿ.

ಪಾಪೆ ಎಂದರೆ ಒಂದು ಸಣ್ಣ ಕಿಟಕಿ. ಕಿಟಕಿ ಕಿರಿದಾಗಿದ್ದರೆ ಎದುರಿನ ಗೋಡೆ ಕಾಣುತ್ತದೆ, ಮೂಲೆಗಳು ಕಾಣುವುದಿಲ್ಲ. ನೀವು ಹೇಳಿದ ಕ್ಯಾಮೆರಾಗಳು ನಿಜಕ್ಕೂ ಉಪಯುಕ್ತ. ತಾಲ್ಲೂಕು ಮಟ್ಟದಲ್ಲಿ ನೂರಾರು ಸಕ್ಕರೆ ಕಾಯಿಲೆಯವರಲ್ಲಿ ಯಾರನ್ನು ಮುಂದಕ್ಕೆ ಕಳುಹಿಸಬೇಕು ಎಂದು ಜರಡಿ ಹಿಡಿಯಲು ಅವು ಬೇಕು. ಆದರೆ ಪಾಪೆ ಚಿಕ್ಕದಾಗಿದ್ದರೆ ಅಥವಾ ಕಣ್ಣಿನ ಪೊರೆ ಬಂದಿದ್ದರೆ ಚಿತ್ರ ಮಸುಕಾಗುತ್ತದೆ, ಅಂಚಿನ ಭಾಗಗಳು ಬಿಟ್ಟುಹೋಗುತ್ತವೆ. ಮಸುಕಾದ ಚಿತ್ರವನ್ನು ‘ನಾರ್ಮಲ್’ ಎಂದು ಯಾರಾದರೂ ಕೊಟ್ಟರೆ ಒಪ್ಪಬೇಡಿ. ಒಂದು ಎಚ್ಚರಿಕೆ: ಡ್ರಾಪ್ಸ್ ಹಾಕಿಸಿಕೊಂಡು ಮನೆಗೆ ಹೋದ ಮೇಲೆ ಕಣ್ಣು ಕೆಂಪಾಗಿ ತೀವ್ರವಾಗಿ ನೋಯತೊಡಗಿ, ತಲೆನೋವು, ವಾಂತಿ ಕಾಣಿಸಿಕೊಂಡರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಇದು ಅಪರೂಪ, ಕಣ್ಣಿನೊಳಗಿನ ನೀರು ಹರಿದುಹೋಗುವ ಮೂಲೆ ಇಕ್ಕಟ್ಟಾಗಿರುವವರಲ್ಲಿ ಆಗುವಂಥದ್ದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 63. ಬಿಪಿಗೆ ಮಾತ್ರೆ ಇದೆ, ಆಗಾಗ ಮರೆಯುತ್ತೇನೆ. ಮೂರು ವಾರದ ಹಿಂದೆ ಬೆಳಿಗ್ಗೆ ಪತ್ರಿಕೆ ಹಿಡಿದಾಗ ಬಲಗಣ್ಣಿಗೆ ಪುಟದ ಕೆಳಗಿನ ಅರ್ಧ ಮಂಜಾಗಿ ಕಂಡಿತು. ಈಗಲೂ ಹಾಗೆಯೇ ಇದೆ. ನೋವಿಲ್ಲ. ಪರಿಚಯದವರೊಬ್ಬರು ಇದು ಪೊರೆ, ಬಲಿತ ಮೇಲೆ ಆಪರೇಷನ್ ಮಾಡಿಸಿದರಾಯಿತು ಎಂದರು.
— ಕಡೂರು

ಉತ್ತರ: ಅಮ್ಮಾ, ಈ ಉತ್ತರ ಅಚ್ಚಾಗುವವರೆಗೂ ನೀವು ಕಾದಿರಲಿಕ್ಕಿಲ್ಲ ಎಂದು ಆಶಿಸುತ್ತೇನೆ; ಕಾದಿದ್ದರೆ ನಾಳೆಯೇ ಹೋಗಿ. ಪೊರೆ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಬರುವುದಿಲ್ಲ, ಪುಟದ ಮೇಲರ್ಧವನ್ನು ಬಿಟ್ಟು ಕೆಳಗಿನ ಅರ್ಧವನ್ನು ಮಾತ್ರ ಮಂಜಾಗಿಸುವುದೂ ಇಲ್ಲ. ಒಂದೇ ಕಣ್ಣಿನಲ್ಲಿ, ನೋವಿಲ್ಲದೆ, ನೋಟದ ಮೇಲಿನ ಅಥವಾ ಕೆಳಗಿನ ಅರ್ಧ ದಿಢೀರನೆ ಮಂಕಾದರೆ ಅಕ್ಷಿಪಟದ ರಕ್ತನಾಳದಲ್ಲಿ, ಇಲ್ಲವೇ ಕಣ್ಣಿನ ಹಿಂದಿನ ನರದಲ್ಲಿ ರಕ್ತಸಂಚಾರ ಕೆಟ್ಟಿದೆಯೇ ಎಂದು ಮೊದಲು ಅನುಮಾನಿಸಬೇಕು. ನೋಡದೆ ಇದೇ ಎಂದು ನಾನು ಹೇಳಲಾರೆ, ಆದರೆ ನಿಮ್ಮ ವಿವರಕ್ಕೆ ಹೆಚ್ಚು ಹೊಂದುವುದು ಅಕ್ಷಿಪಟದ ಅಭಿಧಮನಿಯ ಕವಲೊಂದು ಮುಚ್ಚಿಕೊಂಡಿರುವುದು.

ಅದು ಆಗುವ ಬಗೆ ಹೀಗೆ. ಅಕ್ಷಿಪಟದಲ್ಲಿ ರಕ್ತ ತರುವ ಅಪಧಮನಿಯೂ ಒಯ್ಯುವ ಅಭಿಧಮನಿಯೂ ಒಂದನ್ನೊಂದು ಹಾಯುವ ಕಡೆಗಳಲ್ಲಿ ಎರಡಕ್ಕೂ ಸೇರಿ ಒಂದೇ ಹೊದಿಕೆ ಇರುತ್ತದೆ. ವರ್ಷಗಟ್ಟಲೆ ಒತ್ತಡ ತಡೆದು ಗಡುಸಾದ ಅಪಧಮನಿ, ಆ ಇಕ್ಕಟ್ಟಿನಲ್ಲಿ ಮೆದುವಾದ ಅಭಿಧಮನಿಯನ್ನು ಅದುಮುತ್ತದೆ; ರಕ್ತ ಅಲ್ಲಿ ನಿಧಾನವಾಗಿ ಹೆಪ್ಪುಗಟ್ಟುತ್ತದೆ; ಹಿಂದೆ ಉಳಿದ ರಕ್ತ ಅಕ್ಷಿಪಟದೊಳಕ್ಕೆ ಸೋರುತ್ತದೆ. ಕಣ್ಣಿನ ಮಸೂರ ಚಿತ್ರವನ್ನು ತಲೆಕೆಳಗಾಗಿ ಬೀಳಿಸುವುದರಿಂದ, ಅಕ್ಷಿಪಟದ ಮೇಲಿನ ಭಾಗ ಕೆಟ್ಟರೆ ನಿಮಗೆ ಮಂಜಾಗಿ ಕಾಣುವುದು ಪುಟದ ಕೆಳಭಾಗ. ನಡುಭಾಗ ಬಾತುಕೊಂಡಿದ್ದರೆ ಇಂಜೆಕ್ಷನ್‌ಗಳಿಂದ ಸಾಕಷ್ಟು ಪ್ರಯೋಜನವಾಗುತ್ತದೆ, ತಡವಾದಷ್ಟೂ ಪ್ರಯೋಜನ ತಗ್ಗುತ್ತದೆ.

ಇದಕ್ಕಿಂತ ಅವಸರದ್ದು ಇನ್ನೊಂದಿದೆ, ಎಲ್ಲ ಓದುಗರೂ ತಿಳಿದಿರಬೇಕು. ಅಭಿಧಮನಿಯ ಬದಲು ರಕ್ತ ತರುವ ಮುಖ್ಯ ಅಪಧಮನಿಯೇ ಮುಚ್ಚಿಕೊಂಡರೆ ಆ ಕಣ್ಣು ಕೆಲವೇ ಕ್ಷಣಗಳಲ್ಲಿ ಕತ್ತಲಾಗುತ್ತದೆ, ಮತ್ತು ಕೆಲವೇ ಗಂಟೆಗಳಲ್ಲಿ ಅಕ್ಷಿಪಟ ಸರಿಪಡಿಸಲಾಗದಷ್ಟು ಹಾಳಾಗುತ್ತದೆ. ಇದನ್ನು ಲಕ್ವದ ಸಾಲಿಗೆ ಸೇರಿಸಿ ನೋಡಬೇಕು: ಕನ್ನಡಕದ ಅಂಗಡಿಗಲ್ಲ, ಲಕ್ವಕ್ಕೆ ತುರ್ತು ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕಣ್ಣು ಕತ್ತಲಾಗಿ ಐದು ನಿಮಿಷದಲ್ಲಿ ತಾನಾಗಿಯೇ ಸರಿಹೋದರೂ ಸುಮ್ಮನಿರಬಾರದು. ಮುಂದೆ ಬರಲಿರುವ ಲಕ್ವದ ಮುನ್ಸೂಚನೆ ಅದಾಗಿರಬಹುದು.

ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ಕಣ್ಣಾರೆ ನೋಡಬಹುದಾದ ಜಾಗ ಅಕ್ಷಿಪಟ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡುವ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದಂದಿನಿಂದ ವೈದ್ಯರು ಇದನ್ನು ಬಳಸಿಕೊಳ್ಳುತ್ತ ಬಂದಿದ್ದಾರೆ. ಅಕ್ಷಿಪಟದ ನಾಳಗಳನ್ನು ನೋಡಿ ಮೂತ್ರಪಿಂಡ, ಹೃದಯಗಳ ಸ್ಥಿತಿಯ ಬಗ್ಗೆ ಅನುಮಾನ ಪಡುವುದು, ಫಿಜಿಷಿಯನ್‌ಗೆ ಪತ್ರ ಬರೆಯುವುದು ನಮಗೆ ದಿನನಿತ್ಯದ ಕೆಲಸ. ಬಿಪಿ ಒಂದೇ ಇದ್ದು ಹತೋಟಿಯಲ್ಲಿದ್ದರೆ ಇಷ್ಟೇ ತಿಂಗಳಿಗೊಮ್ಮೆ ಎಂಬ ಸಕ್ಕರೆ ಕಾಯಿಲೆಯಂಥ ಕಟ್ಟುನಿಟ್ಟಾದ ಲೆಕ್ಕವಿಲ್ಲ. ಅರವತ್ತು ದಾಟಿದವರಿಗೆ ನಾನು ವರ್ಷಕ್ಕೊಮ್ಮೆ ಎನ್ನುತ್ತೇನೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಸದ್ದಿಲ್ಲದೆ ಸವೆಯುವ ಕಾಯಿಲೆ, ಇದೆಯೇ ಎಂದೂ ಅದೇ ನೆಪದಲ್ಲಿ ನೋಡಿದಂತಾಗುತ್ತದೆ. ಮತ್ತೆ, ಮಾತ್ರೆ ಮರೆಯಬೇಡಿ. ಒಂದು ಕಣ್ಣಿನಲ್ಲಿ ಹೀಗಾದವರ ಇನ್ನೊಂದು ಕಣ್ಣಿಗೂ ಆಗುವ ಸಂಭವವಿರುತ್ತದೆ.

ಪ್ರಶ್ನೆ: ಕೀಲುಗಳ ಸಂಧಿವಾತಕ್ಕೆ ಆರು ವರ್ಷದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ದಿನಕ್ಕೆ 200 ಮಿಲಿಗ್ರಾಂನ ಎರಡು, ತೆಗೆದುಕೊಳ್ಳುತ್ತಿದ್ದೇನೆ. ನನ್ನ ತೂಕ 46 ಕಿಲೊ. ಈ ಮಾತ್ರೆಯಿಂದ ಕಣ್ಣು ಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ನಿಲ್ಲಿಸಿಬಿಡೋಣ ಅನಿಸಿದೆ.
— ಬೇಲೂರು

ಉತ್ತರ: ನಿಲ್ಲಿಸಬೇಡಿ, ಹಾಗೆಂದು ಸುಮ್ಮನೆಯೂ ಇರಬೇಡಿ. ಒಳ್ಳೆಯ ಔಷಧವದು, ಕೀಲುಗಳಿಗೆ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇರುವವರಲ್ಲಿ ಮೂತ್ರಪಿಂಡಗಳಿಗೂ ರಕ್ಷಣೆ ಕೊಡುತ್ತದೆ. ಆದರೆ ದೀರ್ಘಕಾಲ ಬಳಸಿದಾಗ ಕೆಲವರ ಅಕ್ಷಿಪಟದ ನಡುಭಾಗದ ಸುತ್ತ ಉಂಗುರದಂತೆ ಹಾನಿಯಾಗುತ್ತದೆ, ಆದ ಹಾನಿ ಮಾತ್ರೆ ನಿಲ್ಲಿಸಿದರೂ ಹಿಂದಿರುಗುವುದಿಲ್ಲ. ಸಂಭವ ಎಷ್ಟು ಎಂಬುದು ಮುಖ್ಯವಾಗಿ ದಿನದ ಪ್ರಮಾಣ, ಬಳಸಿದ ವರ್ಷಗಳು, ಮೂತ್ರಪಿಂಡದ ಆರೋಗ್ಯ ಇವನ್ನು ಅವಲಂಬಿಸಿದೆ. ಒಂದು ಕಿಲೊ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು ಎಂಬುದು ಈಗ ಒಪ್ಪಿತವಾದ ಮಿತಿ. ಆ ಮಿತಿಯೊಳಗಿದ್ದರೆ ಮೊದಲ ಐದು ವರ್ಷದಲ್ಲಿ ತೊಂದರೆ ಕಾಣಿಸಿಕೊಳ್ಳುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಹತ್ತು ವರ್ಷಕ್ಕೆ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಇಪ್ಪತ್ತು ವರ್ಷದ ನಂತರ ಅದು ನೂರಕ್ಕೆ ಸುಮಾರು ಇಪ್ಪತ್ತಕ್ಕೆ ಏರುತ್ತದೆ.

ಈಗ ನಿಮ್ಮ ಲೆಕ್ಕ ನೋಡೋಣ. 46 ಕಿಲೊಗೆ ಮಿತಿ 230 ಮಿಲಿಗ್ರಾಂ. ನೀವು ತೆಗೆದುಕೊಳ್ಳುತ್ತಿರುವುದು 400, ಅಂದರೆ ಕಿಲೊಗೆ ಸುಮಾರು 8.7. ಶುರುವಿನಲ್ಲಿ ಹೆಚ್ಚಿನ ಪ್ರಮಾಣ ಕೊಟ್ಟು ಆಮೇಲೆ ಇಳಿಸುವ ಉದ್ದೇಶ ವೈದ್ಯರಿಗೆ ಇದ್ದಿರಬಹುದು. ಹಳೆಯ ಚೀಟಿಯನ್ನೇ ಔಷಧದಂಗಡಿಯಲ್ಲಿ ತೋರಿಸಿ ವರ್ಷಗಟ್ಟಲೆ ಅದೇ ಮಾತ್ರೆ ಒಯ್ಯುವುದು ನಮ್ಮಲ್ಲಿ ಹೊಸತೇನಲ್ಲ. ಚೀಟಿ ಬರೆದ ವೈದ್ಯರ ಬಳಿ ಈ ವಾರವೇ ಹೋಗಿ ತೂಕ ಹೇಳಿ ಪ್ರಮಾಣ ಸರಿಪಡಿಸಿಕೊಳ್ಳಿ, ಮೂತ್ರಪಿಂಡದ ರಕ್ತಪರೀಕ್ಷೆಯನ್ನೂ ಮಾಡಿಸಿ. ಈ ಔಷಧ ಶುರುಮಾಡಿದ ಮೊದಲ ವರ್ಷದೊಳಗೆ ಒಂದು ತಪಾಸಣೆ, ಐದು ವರ್ಷವಾದ ಮೇಲೆ ಪ್ರತಿ ವರ್ಷ ಎಂಬುದು ಸಾಮಾನ್ಯ ನಿಯಮ. ಪ್ರಮಾಣ ಮಿತಿ ಮೀರಿದ್ದರೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಐದು ವರ್ಷ ಕಾಯುವಂತಿಲ್ಲ. ಇಲ್ಲಿ ಬರಿಯ ಡ್ರಾಪ್ಸ್ ಪರೀಕ್ಷೆ ಸಾಲದು. ಕಣ್ಣಿಗೆ ಕಾಣುವ ಮೊದಲೇ ಪದರ ತೆಳುವಾಗುವುದನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮತ್ತು ಮಿಣುಕುವ ಚುಕ್ಕಿಗಳನ್ನು ನೋಡಿ ಗುಂಡಿ ಒತ್ತುವ ದೃಷ್ಟಿಕ್ಷೇತ್ರ ಪರೀಕ್ಷೆ, ಎರಡೂ ಬೇಕು. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನೇತ್ರ ವಿಭಾಗವಿದೆ, ಅಲ್ಲಿ ವಿಚಾರಿಸಿ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರನೇ ವಯಸ್ಸಿನಿಂದ ಇನ್ಸುಲಿನ್ ನಡೆಯುತ್ತಿದೆ. ಈಗ ಅವಳಿಗೆ 26, ಮೂರು ತಿಂಗಳ ಗರ್ಭಿಣಿ. ಸೊಸೆಗೆ ಬಸಿರಿನಲ್ಲಿ ಮಾತ್ರ ಸಕ್ಕರೆ ಕಾಣಿಸಿಕೊಂಡಿದೆ. ಇಬ್ಬರಿಗೂ ಕಣ್ಣು ತೋರಿಸಬೇಕೇ? ಡ್ರಾಪ್ಸ್‌ನಿಂದ ಮಗುವಿಗೆ ತೊಂದರೆಯಿಲ್ಲವೇ?
— ತರೀಕೆರೆ

ಉತ್ತರ: ಮಗಳಿಗೆ ಬೇಕೇಬೇಕು, ಸೊಸೆಗೆ ಆ ಕಾರಣಕ್ಕಾಗಿ ಬೇಕಿಲ್ಲ.

ಮೊದಲೇ ಸಕ್ಕರೆ ಕಾಯಿಲೆ ಇದ್ದವರಲ್ಲಿ ಬಸಿರಿನ ಸಮಯಕ್ಕೆ ಅಕ್ಷಿಪಟದ ತೊಂದರೆ ವೇಗ ಪಡೆಯಬಹುದು. ಹಾರ್ಮೋನು, ರಕ್ತದ ಪ್ರಮಾಣಗಳ ಬದಲಾವಣೆ ಒಂದು ಕಾರಣ. ಮಗುವಿನ ಒಳಿತಿಗಾಗಿ ಸಕ್ಕರೆಯನ್ನು ಬೇಗಬೇಗ ಇಳಿಸುವುದೂ ಒಂದು ಕಾರಣ. ವರ್ಷಗಟ್ಟಲೆ ಹೆಚ್ಚಿದ್ದ ಸಕ್ಕರೆಯನ್ನು ಥಟ್ಟನೆ ಇಳಿಸಿದಾಗ, ಈಗಾಗಲೇ ಕೆಟ್ಟಿರುವ ಅಕ್ಷಿಪಟ ಕೆಲವು ತಿಂಗಳು ಇನ್ನಷ್ಟು ಕೆಡುವುದುಂಟು. ಹಾಗೆಂದು ಸಕ್ಕರೆ ಇಳಿಸದೆ ಬಿಡುವಂತಿಲ್ಲ. ಕಣ್ಣನ್ನು ಕಾಯುತ್ತ ಇಳಿಸಬೇಕು, ಅಷ್ಟೆ. ಬಸಿರಾಗುವ ಮೊದಲೇ ತಪಾಸಣೆ ಆಗಿದ್ದರೆ ಚೆನ್ನಾಗಿತ್ತು. ಈಗಲಾದರೂ ತಡಮಾಡದೆ ಒಂದು, ಆಮೇಲೆ ಪ್ರತಿ ಮೂರು ತಿಂಗಳಿಗೊಂದು, ಹೆರಿಗೆಯಾದ ಮೇಲೂ ಒಂದು ವರ್ಷದವರೆಗೆ ವೈದ್ಯರು ಹೇಳಿದಂತೆ ಮಾಡಿಸಿ. ಬಾಣಂತಿಯನ್ನು ಹೊರಗೆ ಕಳುಹಿಸುವುದಿಲ್ಲ ಎಂದು ಮನೆಯ ಹಿರಿಯರು ತಡೆಯುವ ಸಂದರ್ಭವಿದು, ಈಗಲೇ ಹೇಳಿಟ್ಟಿರಿ. ಲೇಸರ್ ಬೇಕಾದರೆ ಬಸಿರಿನಲ್ಲಿಯೂ ಮಾಡಬಹುದು. ಕಣ್ಣಿನ ಇಂಜೆಕ್ಷನ್‌ಗಳನ್ನು ಸಾಮಾನ್ಯವಾಗಿ ದೂರವಿಡುತ್ತೇವೆ. ಪರೀಕ್ಷೆಗೆಂದು ಒಮ್ಮೊಮ್ಮೆ ಹಾಕುವ ಡ್ರಾಪ್ಸ್ ಬಗ್ಗೆ ಭಯ ಬೇಡ. ಬಸಿರಿರುವುದನ್ನು ಮೊದಲೇ ತಿಳಿಸಿ, ಡ್ರಾಪ್ಸ್ ಹಾಕಿದ ಮೇಲೆ ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧ ಮೈಗೆ ಸೇರುವುದು ಇನ್ನೂ ಕಡಿಮೆಯಾಗುತ್ತದೆ.

ಸೊಸೆಯದು ಬಸಿರಿನಲ್ಲಿ ಹುಟ್ಟಿಕೊಂಡ ಸಕ್ಕರೆಯಾದ್ದರಿಂದ ಅಕ್ಷಿಪಟ ಕೆಡುವಷ್ಟು ಕಾಲ ಅದು ಇದ್ದಿಲ್ಲ. ಹೆರಿಗೆಯಾಗಿ ಮೂರು ತಿಂಗಳೊಳಗೆ ಮತ್ತೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸುವುದನ್ನು ಮಾತ್ರ ತಪ್ಪಿಸಬಾರದು.

ಪ್ರಶ್ನೆ: 31 ವಾರಕ್ಕೆ ಹುಟ್ಟಿದ ಮೊಮ್ಮಗು, ತೂಕ 1,350 ಗ್ರಾಂ. ಈಗ 24 ದಿನ, ಮನೆಗೆ ಕರೆತಂದಿದ್ದೇವೆ. ಕಣ್ಣಿನ ಪರೀಕ್ಷೆ ಎಂದು ಚೀಟಿಯಲ್ಲಿದೆ, ಮೂರು ತಿಂಗಳಾದ ಮೇಲೆ ಹೋದರೆ ಆಗುವುದೇ?
— ಸಕಲೇಶಪುರ

ಉತ್ತರ: ಆಗುವುದಿಲ್ಲ. ಪತ್ರದಲ್ಲಿ ಫೋನ್ ನಂಬರ್ ಇದ್ದದ್ದರಿಂದ ಅಂದೇ ತಿಳಿಸಿದೆ. ಇತರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅಕ್ಷಿಪಟದ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತ ಹೋಗಿ, ತುಂಬು ತಿಂಗಳ ಹೊತ್ತಿಗೆ ಅಂಚು ಮುಟ್ಟುತ್ತವೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನಲ್ಲಿ ಆ ಬೆಳವಣಿಗೆ ನಡುದಾರಿಯಲ್ಲಿ ದಾರಿತಪ್ಪಿ, ಅಕ್ಷಿಪಟ ಕಿತ್ತುಬರುವವರೆಗೂ ಹೋಗಬಹುದು. ಅದಕ್ಕೆ ಸಿಗುವ ಸಮಯ ಕೆಲವೇ ವಾರಗಳು. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ 30 ದಿನ ತುಂಬುವುದರೊಳಗೆ, 28 ವಾರಕ್ಕೂ ಮುಂಚೆ ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದೊಂದಿಗೆ ಹುಟ್ಟಿದ್ದರೆ ಎರಡು–ಮೂರು ವಾರದಲ್ಲೇ ಮೊದಲ ಪರೀಕ್ಷೆ ಆಗಬೇಕು ಎಂಬುದು ನಮ್ಮ ದೇಶದ ಮಾರ್ಗಸೂಚಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಊರೂರಿನ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು, ಚಿತ್ರಗಳನ್ನು ತಜ್ಞರಿಗೆ ಅಂತರ್ಜಾಲದಲ್ಲಿ ಕಳುಹಿಸುತ್ತ ಬಂದಿದ್ದಾರೆ. ನಿಮ್ಮ ಮಗು ಇದ್ದ ಘಟಕದಲ್ಲಿ ಇಂಥ ವ್ಯವಸ್ಥೆ ಇದೆಯೇ ಎಂದು ಮನೆಗೆ ಹೊರಡುವ ಮುನ್ನವೇ ಕೇಳಬೇಕು.

ಪ್ರಶ್ನೆ: ಮಗ ಪಿಯುಸಿಯಲ್ಲಿದ್ದಾನೆ, ಕನ್ನಡಕದ ನಂಬರ್ ಮೈನಸ್ 9. ಕಬಡ್ಡಿ ಆಡುತ್ತಾನೆ. ಲೇಸರ್ ಮಾಡಿಸಿ ಕನ್ನಡಕ ತೆಗೆಸಿಬಿಟ್ಟರೆ ರೆಟಿನಾದ ಚಿಂತೆ ಇರುವುದಿಲ್ಲ ಅಲ್ಲವೇ?
— ಹಾಸನ

ಉತ್ತರ: ಕನ್ನಡಕ ಹೋಗಬಹುದು, ಚಿಂತೆ ಹೋಗುವುದಿಲ್ಲ. ಕಣ್ಣುಗುಡ್ಡೆಯ ಉದ್ದ ಸಾಮಾನ್ಯವಾಗಿ 24 ಮಿಲಿಮೀಟರ್ ಆಸುಪಾಸು. ಇಷ್ಟು ದೊಡ್ಡ ಮೈನಸ್ ಇರುವವರಲ್ಲಿ ಅದು ಹೆಚ್ಚಾಗಿ 26 ದಾಟಿರುತ್ತದೆ. ಹಿಗ್ಗಿದ ಗುಡ್ಡೆಯೊಳಗೆ ಅಕ್ಷಿಪಟವೂ ಹಿಗ್ಗಿ, ಅಂಚಿನಲ್ಲಿ ತೆಳುವಾಗಿ, ಸವೆದ ಬಟ್ಟೆಯಂತೆ ತೂತು ಬೀಳುವುದುಂಟು. ಲೇಸರ್ ಸರಿಪಡಿಸುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು. ಗುಡ್ಡೆಯ ಉದ್ದ ಇದ್ದಷ್ಟೇ ಇರುತ್ತದೆ. ಮೈನಸ್ 6 ದಾಟಿದ ಎಲ್ಲರೂ, ಕನ್ನಡಕ ತೆಗೆಸಿಕೊಂಡವರು ಸೇರಿ, ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ಅಂಚಿನವರೆಗೆ ನೋಡಿಸಬೇಕು. ತೂತು ಸಿಕ್ಕರೆ ಅದರ ಸುತ್ತ ಲೇಸರ್‌ನಿಂದ ಹೊಲಿಗೆ ಹಾಕಿದಂತೆ ಭದ್ರಪಡಿಸಬಹುದು.

ಕಬಡ್ಡಿ ಆಡಬಹುದೇ ಎಂಬುದನ್ನು ಆ ತಪಾಸಣೆಯ ನಂತರವೇ ಹೇಳಬೇಕು. ನನ್ನನ್ನು ಕೇಳಿದರೆ, ತಲೆಗೆ ಮೊಣಕಾಲು ಬಡಿಯುವ ಆಟಕ್ಕಿಂತ ಓಟ ಒಳ್ಳೆಯದು. ಮಗನಿಗೆ ಇಷ್ಟು ಕಲಿಸಿ: ಮಿಂಚು ಹೊಡೆದಂತೆ ಬೆಳಕು, ದಿಢೀರನೆ ಸೊಳ್ಳೆ ಹಿಂಡಿನಂತೆ ಕಪ್ಪು ಚುಕ್ಕಿಗಳು, ಪಕ್ಕದಿಂದ ಪರದೆ ಇಳಿದಂತೆ ನೆರಳು, ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಇದೆ, ಹಬ್ಬ ಇದೆ ಎನ್ನದೆ ಅಂದೇ ಹೇಳಬೇಕು. ನಡುಭಾಗ ಕಿತ್ತುಬರುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ನೋಟ ಉಳಿಯುತ್ತದೆ. ಹಾಸನ, ಚಿಕ್ಕಮಗಳೂರುಗಳಿಂದ ಬೆಂಗಳೂರಿನ ಮಿಂಟೋದಂಥ ಆಸ್ಪತ್ರೆಗೆ ಒಂದೇ ದಿನದಲ್ಲಿ ತಲುಪಬಹುದು. ಹೊತ್ತು ಹೋಗುವುದು ಮನೆಯಲ್ಲಿ ‘ನಾಳೆ ನೋಡೋಣ’ ಎನ್ನುವುದರಲ್ಲಿ.

ಪ್ರಶ್ನೆ: ತಂದೆಗೆ 72, ಬೀಡಿ ಬಿಟ್ಟಿಲ್ಲ. ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತದೆ ಎನ್ನುತ್ತಾರೆ. ವಯಸ್ಸಿನ ದೋಷವೇ?
— ಚಿಕ್ಕಮಗಳೂರು

ಉತ್ತರ: ವಯಸ್ಸಿಗೆ ಸಂಬಂಧಿಸಿದ್ದು ಹೌದು, ಸುಮ್ಮನಿರಬಹುದಾದದ್ದು ಅಲ್ಲ. ನೆಟ್ಟಗಿನ ಗೆರೆ ಡೊಂಕಾಗಿ ಕಂಡರೆ ಅಕ್ಷಿಪಟದ ನಡುಭಾಗದ ಅಡಿಯಲ್ಲಿ ನೀರೋ ರಕ್ತವೋ ಸೇರಿರುವ ಅನುಮಾನ ಬರುತ್ತದೆ, ಅದಕ್ಕೆ ಇಂಜೆಕ್ಷನ್ ಬೇಗ ಶುರುವಾಗಬೇಕು. ಈ ವಾರದೊಳಗೆ ತೋರಿಸಿ. ಈ ಕಾಯಿಲೆಯ ಸಂಭವವನ್ನು ಹೆಚ್ಚಿಸುವ, ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಬೀಡಿ–ಸಿಗರೇಟು ಮೊದಲನೆಯದು. ಆಮೇಲೆ ವಾರಕ್ಕೊಮ್ಮೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರಿನ ಚೌಕಗಳನ್ನು ನೋಡಿಸುತ್ತಿರಿ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮರೆಮಾಡುತ್ತದೆ.

ಪ್ರಶ್ನೆ: ನನಗೆ 22 ವರ್ಷ. ಸಂಜೆಯಾದರೆ ಹೊಲದ ಬದುವಿನ ಮೇಲೆ ನಡೆಯಲು ಕಷ್ಟ, ಟಾಕೀಸಿನೊಳಗೆ ಸೀಟು ಹುಡುಕಲಾಗುವುದಿಲ್ಲ. ಹಗಲು ಚೆನ್ನಾಗಿ ಕಾಣುತ್ತದೆ. ತಂದೆತಾಯಿ ಸೋದರಮಾವ–ಸೊಸೆ. ಕ್ಯಾರೆಟ್ ತಿಂದರೆ ಸರಿಹೋಗುತ್ತದೆಯೇ?
— ಅರಸೀಕೆರೆ

ಉತ್ತರ: ಎ ಜೀವಸತ್ವದ ಕೊರತೆಯಿಂದಲೂ ಇರುಳುಗುರುಡು ಬರುತ್ತದೆ, ಅದು ಸರಿಹೋಗುವಂಥದ್ದು, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಆದರೆ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಈ ವಯಸ್ಸಿಗೆ ಹೀಗಾದಾಗ, ಅಕ್ಷಿಪಟದ ಅಂಚಿನಿಂದ ಶುರುವಾಗಿ ನಿಧಾನವಾಗಿ ಒಳಕ್ಕೆ ಸರಿಯುವ ವಂಶಪಾರಂಪರ್ಯ ಕಾಯಿಲೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆಯೇ ಎಂದು ನೋಡಲೇಬೇಕು. ನಡೆಯುವಾಗ ಪಕ್ಕದ ವಸ್ತುಗಳಿಗೆ ಎಡವುತ್ತೀರಾ ಎಂದು ಗಮನಿಸಿಕೊಳ್ಳಿ, ವೈದ್ಯರು ಅದನ್ನೇ ಕೇಳುತ್ತಾರೆ. ಅದೇ ಎಂದು ತೀರ್ಮಾನವಾದರೆ ಬಹುತೇಕರಿಗೆ ಮೂಲ ಕಾಯಿಲೆಯನ್ನು ನಿಲ್ಲಿಸುವ ಔಷಧ ಈಗಿಲ್ಲ. ಒಂದು ನಿರ್ದಿಷ್ಟ ವಂಶವಾಹಿಯ ದೋಷಕ್ಕೆ ಮಾತ್ರ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದೆ. ಆದರೂ ತಪಾಸಣೆ ವ್ಯರ್ಥವಲ್ಲ: ಇದರ ಜೊತೆಗೆ ಬರುವ ಪೊರೆಗೆ, ನಡುಭಾಗದ ಊತಕ್ಕೆ ಚಿಕಿತ್ಸೆ ಇದೆ, ರಾತ್ರಿ ವಾಹನ ಓಡಿಸುವ ಕೆಲಸಕ್ಕೆ ಸೇರಬೇಕೋ ಬೇಡವೋ ಎಂಬುದನ್ನು ಈಗಲೇ ತೀರ್ಮಾನಿಸಬಹುದು. ಪತ್ರದ ಕೊನೆಯಲ್ಲಿ ತಂಗಿಯ ಮದುವೆ ಮಾವನ ಮನೆಗೇ ನಿಶ್ಚಯವಾಗುತ್ತಿದೆ ಎಂದು ಬರೆದಿದ್ದೀರಿ. ತಪಾಸಣೆಗೆ ಬರುವಾಗ ಅವಳಿಗೆ ಯಾವ ತೊಂದರೆ ಇಲ್ಲದಿದ್ದರೂ ಅವಳನ್ನೂ, ಸಾಧ್ಯವಾದರೆ ತಂದೆತಾಯಿಯನ್ನೂ ಜೊತೆಗೆ ಕರೆತನ್ನಿ. ಮಾತುಕತೆ ಮುಂದುವರಿಯುವ ಮುಂಚೆಯೇ ಬನ್ನಿ.